ಅಯ್ಯನವರಿಗೆ ಕೊಟ್ಟ ನಂಬರು

ನಮ್ಮ ಫೋನ್ ನಂಬರನ್ನು ಯಾರೂ ಕದಿಯಲಿಲ್ಲ. ಧೋತರ, ಛತ್ರಿ, ಚಪ್ಪಲಿ, ತಂಬಿಗೆ, ಇವುಗಳ ಜೊತೆಗೆ ಅದನ್ನೂ ನಾವೇ ಕೈಯಾರೆ ಅಯ್ಯನವರಿಗೆ ದಾನ ಕೊಟ್ಟೆವು. ಮಗ ಕಂಪನಿಯ ತಪ್ಪು ಅನ್ನುತ್ತಾನೆ. ನಾದಿನಿ ಕಾಲದ ತಪ್ಪು ಅನ್ನುತ್ತಾಳೆ. ಊರಲ್ಲಿ ಕೆಲವರು ಅಯ್ಯನವರ ತಲೆಗೇ ಕಟ್ಟಿದರು. ಅದೆಲ್ಲ ಸುಳ್ಳು. ಕೊಟ್ಟವರು ನಾವು, ಇಸಕೊಂಡವರು ಅವರು. ಆದದ್ದು ಇಷ್ಟೇ.

ನನಗೆ ಹೆಚ್ಚು ಓದು ಇಲ್ಲ. ಅಕ್ಕಲಕೋಟ ಕಡೆಯ ಹಳ್ಳಿಯಲ್ಲಿ ಕನ್ನಡ ಸಾಲೆಗೆ ನಾಲ್ಕನೆಯ ಇಯತ್ತೆಯವರೆಗೆ ಹೋದೆ. ಆಮೇಲೆ ಒಲೆಯ ಮುಂದೆ ಕೂಡಿಸಿದರು, ಇನ್ನೂ ಅಲ್ಲೇ ಕೂತಿದ್ದೇನೆ. ಈಗ ನಮ್ಮ ಮನೆ ಕುಂಭಾರಿಯಲ್ಲಿ, ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡು. ಖಡಕ್ ರೊಟ್ಟಿ ಮಾಡಿ ಮಾರುವುದು ನಮ್ಮ ಉದ್ಯೋಗ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಕೆಂಡದ ಶಾಖಕ್ಕೆ ನಿಲ್ಲಿಸಿದರೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ, ಬಹಳ ದಿನ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ. ಸೋಲಾಪುರದ ಖಾನಾವಳಿಯವರು, ಮದುವೆ ಅಡುಗೆಯ ಆಚಾರಿಗಳು, ಪುಣೆಯಲ್ಲಿರುವ ಮಕ್ಕಳಿಗೆ ಕಳಿಸುವವರು, ಇವರು ನಮ್ಮ ಗಿರಾಕಿಗಳು. ಬಡಿಯುವವಳು ನಾನು, ನನ್ನ ಜೊತೆ ಊರಿನ ಮೂವರು ಹೆಂಗಸರು. ಫೋನು ಎತ್ತುವವರು ನನ್ನ ಯಜಮಾನರು.

ಅದು ಒತ್ತುವ ಗುಂಡಿಯ ಸಣ್ಣ ಫೋನು. ಅಂಗಿಯ ಎದೆಯ ಕಿಸೆಯಲ್ಲಿ ಸದಾ ಇರುತ್ತಿತ್ತು. ಆ ನಂಬರು ರೊಟ್ಟಿಯ ಪಾಕೀಟಿನ ಮೇಲಿತ್ತು, ಬಸ್ ನಿಲ್ಲುವ ಕಡೆ ಗೋಡೆಯ ಮೇಲೆ ಯಜಮಾನರ ಹೆಸರಿನ ಕೆಳಗೆ ದೊಡ್ಡದಾಗಿ ಬರೆಸಿತ್ತು. ನನಗೆ ಬೇರೆ ಫೋನು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಯಾರಾದರೂ ಫೋನು ಹಚ್ಚಿದರೆ ಅವರು ಕಟ್ಟೆಯ ಮೇಲಿನಿಂದ ಒಳಗೆ ಒದರುವರು, ನಾನು ಒಳಗಿನಿಂದ ಆಗುತ್ತದೆ ಇಲ್ಲವೆ ಆಗುವುದಿಲ್ಲ ಎಂದು ಒದರುವೆ. ನಮ್ಮ ವ್ಯಾಪಾರದ ಆಫೀಸು ಅಂದರೆ ಅದೇ.

ಯಜಮಾನರು ಹೋದದ್ದು ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ. ಊಟ ಮಾಡಿ ಕಟ್ಟೆಗೆ ಒರಗಿದ್ದರು. ಕಿಸೆಯಲ್ಲಿ ಫೋನು ಬಡಕೊಳ್ಳುತ್ತಿತ್ತು, ಎತ್ತಲಿಲ್ಲ.

"ಕಿವಿ ಕೇಳಂಗಿಲ್ಲೇನ್ರಿ? ಗಿರಾಕಿ ಹೊಯ್ಕೊಳ್ಳಾಕತ್ಯಾನ" ಎಂದು ನಾನು ಒಳಗಿನಿಂದ ಒದರಿದೆ. ಆಗಲೂ ಎತ್ತಲಿಲ್ಲ. ಹಾಗೆ ಗೊತ್ತಾಯಿತು.

ನಾನು ಅಳಲಿಲ್ಲ. ಬಂದ ಹೆಂಗಸರು ನನ್ನ ಮುಖ ನೋಡಿ ನೋಡಿ ತಾವೇ ಅತ್ತರು. ರೊಟ್ಟಿ ಬಡಿಯುವವರ ಬೆರಳಿಗೆ ಮೊದಮೊದಲು ಬೊಬ್ಬೆ ಬರುತ್ತದೆ, ಆಮೇಲೆ ಹಂಚು ಮುಟ್ಟಿದರೂ ತಿಳಿಯುವುದಿಲ್ಲ. ನನ್ನ ಒಳಗೂ ಅಷ್ಟೇ ಆಗಿತ್ತು. ಯಾರೋ ಚಹಾ ಕೊಟ್ಟರು, ಕುಡಿದೆ. ಯಾರೋ ಏಳು ಅಂದರು, ಎದ್ದೆ.

ನಮ್ಮಲ್ಲಿ ಸತ್ತವರ ಕಾರ್ಯದ ದಿನ ಅವರು ಬಳಸಿದ ಸಾಮಾನುಗಳನ್ನು ಅಯ್ಯನವರಿಗೆ ಕೊಡುತ್ತಾರೆ. ನಮ್ಮ ಮನೆತನದ ಪೂಜೆ, ಕಾರ್ಯಕ್ಕೆ ಬರುವ ಜಂಗಮ ಅಯ್ಯನವರು ಅಕ್ಕಲಕೋಟದವರು, ವಯಸ್ಸಾದವರು, ಒಂದು ಸಣ್ಣ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಎಲ್ಲ ಸಾಮಾನು ಕಂಬಳಿಯ ಮೇಲೆ ಇಟ್ಟಿದ್ದರು. ಮಂದ್ರೂಪದಿಂದ ಬಂದಿದ್ದ ನಾದಿನಿ, ಅಂದರೆ ಯಜಮಾನರ ತಂಗಿ, ಒಮ್ಮೆ ಕಣ್ಣಾಡಿಸಿ ಹೇಳಿದಳು: "ಅಣ್ಣನ ಕೈಯಾಗ ದಿನಾ ಇದ್ದದ್ದು ಫೋನ್. ಅದನ್ನ ಮನ್ಯಾಗ ಇಟ್ಕೊಂಡ್ರ ಅವನ ಜೀವ ಅದರಾಗs ಸುತ್ತತೈತಿ. ಅದನ್ನೂ ಇಡ್ರಿ."

ಯಾರೂ ಬೇಡ ಅನ್ನಲಿಲ್ಲ. ಮಗ ಫೋನಿನ ಬೆನ್ನು ಬಿಚ್ಚಿ ಸಿಮ್ಮು ತೆಗೆಯಲು ಉಗುರು ಹಾಕಿದ. ನಾದಿನಿ ಅವನ ಕೈಗೆ ಫಟ್ಟನೆ ಹೊಡೆದಳು.

"ಕೊಡೂದಂದ್ರ ಪೂರಾ ಕೊಡಬೇಕೋ. ಬುಡ ಇಲ್ಲದ ತಂಬಿಗಿ ಕೊಡ್ತಾರೇನು? ನಿಮ್ಮಪ್ಪಗ ಅಲ್ಲಿ ಅರ್ಧಾ ಫೋನ್ ಮುಟ್ಟಬೇಕಾ?"

ಮಗ ಬೆನ್ನು ಮುಚ್ಚಿದ. ಅಯ್ಯನವರು ಎರಡೂ ಕೈಯಿಂದ ಇಸಕೊಂಡರು. ಅಲ್ಲಿ ಕೂತವರೆಲ್ಲ ನೋಡಿದರು, ನಾನೂ ನೋಡಿದೆ. ನಂಬರು ಹೋಗುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಫೋನು ಅಂದರೆ ಸಾಮಾನು ಅಂದುಕೊಂಡಿದ್ದೆವು.

ಕಾರ್ಯ ಮುಗಿದು ಮಂದಿ ಹೋದ ಮೇಲೆ ಮತ್ತೆ ಒಲೆ ಹಚ್ಚಿದೆ. ಮೂವರು ಹೆಂಗಸರೂ ಬಂದರು. ಬಡಿದೆವು, ಒಣಗಿಸಿದೆವು, ಅರಿವೆ ಹೊದಿಸಿ ಬುಟ್ಟಿಯಲ್ಲಿ ಪೇರಿಸಿದೆವು. ಬುಟ್ಟಿ ತುಂಬಿತು, ಇನ್ನೊಂದು ಬುಟ್ಟಿ ತುಂಬಿತು. ಒಯ್ಯಲು ಯಾರೂ ಬರಲಿಲ್ಲ. ಸೂತಕದ ಮನೆ ಅಂತ ಬಿಟ್ಟಿರಬೇಕು ಅಂದುಕೊಂಡೆ. ಸೊಸೆಯೇ ಮೊದಲು ಬಾಯಿ ಬಿಟ್ಟಳು.

"ಅತ್ತಿ, ಗಿರಾಕಿ ಫೋನ್ ಹಚ್ಚಿದ್ರ ಅದು ಎಲ್ಲಿ ಬಡಕೊಳ್ತೈತಿ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಕ್ಕಲಕೋಟದಲ್ಲಿ ಬಡಕೊಳ್ಳುತ್ತಿತ್ತು.

ಸೊಸೆ ತನ್ನ ಮೊಬೈಲಿನಿಂದ ಆ ನಂಬರು ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ನಂಬರಿಗೆ ನಾನು ಜನ್ಮದಲ್ಲಿ ಒಮ್ಮೆಯೂ ಫೋನು ಹಚ್ಚಿರಲಿಲ್ಲ. ಅದು ಯಾರದಿತ್ತೋ ಅವರು ಯಾವಾಗಲೂ ಒದರಿದರೆ ಕೇಳುವಷ್ಟು ದೂರದಲ್ಲಿರುತ್ತಿದ್ದರು. ಸ್ವಲ್ಪ ಹೊತ್ತು ರಿಂಗಾಯಿತು. ಆಮೇಲೆ ಅಯ್ಯನವರ ದನಿ ಬಂತು, ಬಹಳ ಸಲ ಹೇಳಿ ಹೇಳಿ ಬಾಯಿಪಾಠ ಆದವರ ಹಾಗೆ.

"ರೊಟ್ಟಿ ಮಾಲಕರು ಲಿಂಗೈಕ್ಯ ಆಗ್ಯಾರ್ರಿ. ಅವರಿಲ್ಲ ಈಗ. ಯಾರು ಮಾತಾಡೂದು?"

ನನ್ನ ಗಂಡ ಸತ್ತ ಸುದ್ದಿಯನ್ನು ನನ್ನ ಗಂಡನ ಫೋನೇ ನನಗೆ ಹೇಳಿತು. "ಗೊತ್ತೈತ್ರಿ" ಅಂದು ಫೋನು ಸೊಸೆಗೆ ಕೊಟ್ಟೆ. ಆಮೇಲೆ ಹಿಟ್ಟು ನಾದಲು ಕೂತೆ. ಹಿಟ್ಟು ನಾದಿದ ಮೇಲೆ ನೆನಪಾಯಿತು, ಇದ್ದ ರೊಟ್ಟಿಯೇ ಹೋಗುತ್ತಿಲ್ಲ, ಈ ಹಿಟ್ಟು ಯಾರಿಗೆ ಎಂದು.

ಅಯ್ಯನವರು ಸುಳ್ಳು ಹೇಳಿರಲಿಲ್ಲ. ಯಾರು ಫೋನು ಹಚ್ಚಿದರೂ ಇದ್ದದ್ದನ್ನು ಹೇಳುತ್ತಿದ್ದರು. ಕೇಳಿದವರು ರೊಟ್ಟಿಯೂ ನಿಂತಿತು ಅಂದುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಇನ್ನು ಸ್ವಲ್ಪ ದಿನ ಹೀಗೇ ನಡೆದರೆ ನನ್ನ ಒಲೆ ಆರುತ್ತದೆ, ಆ ಮೂವರು ಹೆಂಗಸರು ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾರೆ. ಇದು ನನಗೆ ಸ್ಪಷ್ಟ ಕಾಣುತ್ತಿತ್ತು.

ಮಗ ಸೋಲಾಪುರದ ಟಾವೆಲ್ ಕಾರಖಾನೆಗೆ ದಿನಾ ಹೋಗಿ ಬರುವವನು. ಸಂಜೆ ಬಂದವನೇ, "ಅದಕ್ಕೇನ ಬಿಡ ಯವ್ವಾ, ಹೊಸಾ ನಂಬರ್ ತಗೊಂಡ್ರಾತು" ಅಂದ.

"ಗೋಡಿ ಮ್ಯಾಲಿಂದು, ಪಾಕೀಟಿನ ಮ್ಯಾಲಿಂದು, ಆಚಾರಿಗಳ ಫೋನಿನ್ಯಾಗಿಂದು, ಅದನ್ನೆಲ್ಲಾ ನೀ ಹೋಗಿ ಅಳಿಸಿ ಬರ್ತಿ ಏನಪಾ?"

"ಹಂಗಾರ ಅಯ್ಯನವರ ಕಡಿಂದ ಸಿಮ್ ಇಸಕೊಂಡ ಬರ್ತೀನಿ."

ಇದು ನಾದಿನಿಗೆ ಹೇಗೋ ಮುಟ್ಟಿತು. ಮಂದ್ರೂಪದಿಂದ ಸೊಸೆಯ ಫೋನಿಗೆ ಮಾಡಿದಳು. "ವೈನೀ, ದಾನಾ ಕೊಟ್ಟದ್ದನ್ನ ತಿರುಗಿ ಬೇಡಿದ್ರ ನಮ್ಮಣ್ಣ ಅಲ್ಲಿ ಬರೇ ಕೈಲೆ ಕುಂದರ್ತಾನ. ರೊಟ್ಟಿ ಸಲುವಾಗಿ ಅವನ ಕೈಯಾಗಿಂದು ಕಸಕೋತೀರೇನು?" ಅಂದಳು. ಅಲ್ಲಿ ಯಾರು ರೊಟ್ಟಿಯ ಆರ್ಡರು ಹೇಳುತ್ತಾರೋ ನನಗೆ ಗೊತ್ತಿಲ್ಲ. ಆದರೆ ಕೊಟ್ಟದ್ದನ್ನು ಬೇಡಬಾರದು ಎನ್ನುವುದರ ಮುಂದೆ ನನ್ನ ಬಾಯಿಯೂ ಕಟ್ಟಿತು. ಅಯ್ಯನವರ ಬಾಗಿಲಿಗೆ ಹೋಗಿ ಕೈ ಚಾಚುವುದು ನನ್ನಿಂದ ಆಗುತ್ತಿರಲಿಲ್ಲ.

ಮಗನನ್ನು ಕರೆದುಕೊಂಡು ಸೋಲಾಪುರದ ಆ ಫೋನ್ ಕಂಪನಿಯ ಅಂಗಡಿಗೆ ಹೋದೆ. ಗಾಜಿನ ಬಾಗಿಲು, ಒಳಗೆ ತಂಪು. ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ನಂಬರು ಹೇಳಿದೆವು, ಯಜಮಾನರ ಸಾವಿನ ದಾಖಲೆ ಕೊಟ್ಟೆವು. ಅವಳು ಮರಾಠಿಯಲ್ಲಿ, ಸಿಮ್ಮು ಕಳೆದಿದೆಯೋ ಕದ್ದಿದ್ದಾರೋ ಎಂದು ಕೇಳಿದಳು. ಕಳೆದಿದ್ದರೆ ಪೊಲೀಸ್ ಠಾಣೆಯಿಂದ ಚೀಟಿ ತರಬೇಕಂತೆ.

"ಹರವಲಂ ನಾಹೀ. ದಾನ ದಿಲಂ" ಅಂದೆ. ಕಳೆದಿಲ್ಲ, ದಾನ ಕೊಟ್ಟಿದ್ದೇವೆ.

ಅವಳು ಕಂಪ್ಯೂಟರಿನಲ್ಲಿ ಕೆಳಗೆ ಮೇಲೆ ನೋಡಿದಳು. ಅಲ್ಲಿ ಕಳೆದದ್ದಕ್ಕೆ ಜಾಗ ಇತ್ತು, ಕದ್ದದ್ದಕ್ಕೆ ಇತ್ತು, ಕೆಟ್ಟದ್ದಕ್ಕೆ ಇತ್ತು. ದಾನಕ್ಕೆ ಇರಲಿಲ್ಲ. ಮಗ ನನ್ನ ಮೊಣಕೈ ತಿವಿದು, "ಕಳದೈತಿ ಅನ್ನ ಯವ್ವಾ, ಸುಮ್ಮನ" ಎಂದು ಪಿಸುಗುಟ್ಟಿದ.

"ಯಾಕ? ಪೊಲೀಸ್ರು ಹೋಗಿ ಅಯ್ಯನವರನ್ನ ಹಿಡೀಲಿ ಅಂತನಾ?"

ಹುಡುಗಿ ನಗು ತಡೆಯಲಾರದೆ ಒಳಗಿನಿಂದ ಮ್ಯಾನೇಜರನ್ನು ಕರೆದಳು. ಆತ ತಲೆ ನೆರೆತ ಮನುಷ್ಯ. ನನ್ನ ಮಾತು ಕೇಳಿದ ಕೂಡಲೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದ. ಅವನ ತಾಯಿಯ ತವರೂ ನಮ್ಮ ಕಡೆಯದೇ ಅಂತೆ.

"ಕುಂದರ್ರಿ ಯವ್ವಾ. ಈಗ ಕೇಳ್ರಿ. ಫೋನ್ ನಿಮ್ಮ ಮಾಲಕರದು, ಖರೆ. ನಂಬರ್ ಅವರದಲ್ಲ."

"ಮತ್ತ ನಿಮ್ಮದೇನು?"

"ನಮ್ಮದೂ ಅಲ್ಲ. ನಂಬರ್ ಎಲ್ಲಾ ಸರ್ಕಾರದ್ದು. ಸರ್ಕಾರ ನಮಗ ಕೊಟ್ಟೈತಿ, ನಾವು ಮಾಲಕರಿಗೆ ಬಳಸಾಕ ಕೊಟ್ಟಿದ್ವಿ. ಯಾರ ಕಾಗದ ಕೊಟ್ಟಾರೋ ಅವರs ಬಳಸಬೇಕು, ಅದು ಕಾಯದೆ. ಅವರು ತೀರಿಕೊಂಡ್ರ ಮನ್ಯಾವ್ರು ಬಂದು ತಮ್ಮ ಹೆಸರಿಲೆ ಮಾಡ್ಕೋಬೇಕು. ಇಲ್ಲಾಂದ್ರ ನಂಬರ್ ಬಂದ್. ಬಂದ್ ಆದ ಮ್ಯಾಲೆ ಸ್ವಲ್ಪ ದಿನಕ್ಕ ಅದನ್ನ ಬ್ಯಾರೆ ಯಾರಿಗರೆ ಕೊಡ್ತಾರ."

"ಅಯ್ಯನವರು ಅದನ್ನ ಬಳಸೂದು?"

"ತಪ್ಪು. ಬ್ಯಾರೆದವರ ಹೆಸರಿನ ಸಿಮ್ ಬಳಸಬಾರದು. ನಾಳೆ ಏನರೆ ಆದ್ರ ಪಾಪ ಅವರಿಗೂ ತ್ರಾಸು."

ನಾನು ಅಲ್ಲೇ ಕೂತು ಅದನ್ನು ತಿರುವಿ ತಿರುವಿ ನೋಡಿದೆ. ಇಷ್ಟು ವರ್ಷ ಯಜಮಾನರು ನನ್ನ ನಂಬರು, ನನ್ನ ನಂಬರು ಅನ್ನುತ್ತಿದ್ದರು. ಅದು ಬಾಡಿಗೆಯ ಮನೆಯ ಹಾಗೆ ಇತ್ತು. ಬಾಡಿಗೆಯ ಮನೆಯನ್ನು ಬಾಡಿಗೆಯವರು ದಾನ ಕೊಡಲು ಬರುವುದಿಲ್ಲ. ಫೋನು ಕೊಟ್ಟೆವು, ಅದು ದಾನ ಆಯಿತು. ನಂಬರು ಕೊಟ್ಟದ್ದು ದಾನವೇ ಆಗಲಿಲ್ಲ. ದಾನ ಆಗದ್ದನ್ನು ಕೇಳಿದರೆ ತಿರುಗಿ ಬೇಡಿದ ಹಾಗೆ ಹೇಗೆ ಆಗುತ್ತದೆ? ನನ್ನ ಬಾಯಿಗೆ ಕಟ್ಟಿದ್ದ ಗಂಟು ಅಲ್ಲೇ ಬಿಚ್ಚಿತು. ನಾದಿನಿಗೆ ಉತ್ತರ ಸಿಕ್ಕಿತ್ತು.

"ಯಾರ ಹೆಸರಿಲೆ ಮಾಡೋಣು?" ಎಂದು ಮ್ಯಾನೇಜರು ಕೇಳಿದ.

"ನನ್ನ ಹೆಸರಿಲೆ" ಎಂದು ಮಗ ತನ್ನ ಆಧಾರ್ ಕಾರ್ಡು ತೆಗೆದ. "ಯವ್ವಗ ಯಾಕ ಸುಮ್ಮನ ತ್ರಾಸು."

"ನೀ ಹಗಲೆಲ್ಲಾ ಕಾರಖಾನ್ಯಾಗ ಇರ್ತಿ. ರೊಟ್ಟಿ ಕೇಳಿದವರಿಗೆ ಟಾವೆಲ್ ತೋರಸ್ತಿಯೇನು?" ಅಂದೆ. "ಬಡಿಯೂದು ನಾ. ನನ್ನ ಹೆಸರಿಲೆ ಆಗಲಿ."

ಮಗನ ಮುಖ ಇಳಿಯಿತು. ಉಳಿದ ವಾರಸುದಾರರ ಒಪ್ಪಿಗೆ ಬೇಕು ಎಂದಾಗ ಕಾಗದಕ್ಕೆ ಸಹಿ ಹಾಕಿದ, ಆದರೆ ಪೆನ್ನು ಹಾಳೆ ಹರಿಯುವಷ್ಟು ಒತ್ತಿದ. ನಾನು ನೋಡಿಯೂ ನೋಡದಂತೆ ಇದ್ದೆ.

ಒಂದು ಕೆಲಸ ಉಳಿದಿತ್ತು. ಖಾತ್ರಿ ಮಾಡಲು ಆ ಹಳೆಯ ಸಿಮ್ಮಿಗೇ ಅಂಕಿಗಳ ಒಂದು ಮೆಸೇಜು ಹೋಗುತ್ತದೆ, ಆ ಅಂಕಿಗಳನ್ನು ಇಲ್ಲಿ ಹೇಳಬೇಕು. ಮಗ ಅಯ್ಯನವರಿಗೆ ಫೋನು ಹಚ್ಚಿ ನನಗೆ ಕೊಟ್ಟ.

"ಅಯ್ಯನವರ, ನಾನ್ರಿ, ಕುಂಭಾರಿಯ ರೊಟ್ಟಿ ಮಾಲಕರ ಮನ್ಯಾಕಿ. ನಿಮಗ ಈಗ ಒಂದು ಮೆಸೇಜ್ ಬಂದಿರತೈತಿ. ಅದರಾಗಿನ ಅಂಕಿ ಹೇಳ್ರಿ."

ಆ ಕಡೆ ಗುಂಡಿ ಒತ್ತುವ ಸಪ್ಪಳ ಕೇಳಿತು. ಆಮೇಲೆ ಉತ್ತರ ಬಂತು.

"ಹೇಳಂಗಿಲ್ಲ."

"ಯಾಕ್ರಿ?"

"ಫೋನಿನ್ಯಾಗ ಯಾರಿಗೂ ಅಂಕಿ ಹೇಳಬ್ಯಾಡ್ರಿ, ಮೋಸಗಾರ್ರು ಇರ್ತಾರ ಅಂತ ಫೋನ್ ಹಚ್ಚಿದಾಗೊಮ್ಮೆ ಸರ್ಕಾರದ ಬಾಯಿ ಒದರತೈತಿ. ಅವರ ಮನ್ಯಾಕಿ ದನಿ ಹಿಂಗಿಲ್ಲ. ಆಕಿ ಭಾಳ ಜೋರು. ನೀ ಮೆತ್ತಗ ಮಾತಾಡ್ತಿ. ನೀ ಆಕಿ ಅಲ್ಲ." ಇಟ್ಟುಬಿಟ್ಟರು.

ಮ್ಯಾನೇಜರು ತಲೆ ಎತ್ತಿ ಸೂರು ನೋಡಿದ. ಮಗ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದ, ಅವನ ಹೆಗಲು ಅಲುಗುತ್ತಿತ್ತು. ಅಪ್ಪ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಊರಿಗೆ ಬಂದು ಒಬ್ಬ ಪರಿಚಯದವರ ಕೈಯಲ್ಲಿ, ಫೋನು ತೆಗೆದುಕೊಂಡು ಸೋಲಾಪುರಕ್ಕೆ ಬರಬೇಕು ಎಂದು ಅಕ್ಕಲಕೋಟಕ್ಕೆ ಹೇಳಿ ಕಳಿಸಿದೆ. ಸೋಮವಾರ ಅಯ್ಯನವರು ಬಸ್ಸಿನಲ್ಲಿ ಬಂದರು. ಕುಂಭಾರಿಯಲ್ಲಿ ನಾನು ಅದೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತಿದ್ದರು. ತೊಡೆಯ ಮೇಲೆ ಯಜಮಾನರ ಛತ್ರಿ, ಕಾಲಲ್ಲಿ ಯಜಮಾನರ ಚಪ್ಪಲಿ. ಎಡಗಾಲಿನದರ ಪಟ್ಟಿ ಹರಿದು ಹೊಲಿಸಿದ್ದು, ಕರಿಯ ಚರ್ಮಕ್ಕೆ ಕೆಂಪು ದಾರ. ಚಪ್ಪಲಿ ಅವರಿಗೆ ದೊಡ್ಡದಾಗಿತ್ತು, ಹಿಮ್ಮಡಿಯ ಹಿಂದೆ ಜಾಗ ಉಳಿದಿತ್ತು. ನಾನು ಆ ಜಾಗವನ್ನು ನೋಡುತ್ತ ಕೂತೆ. ಸೋಲಾಪುರ ಬಂದದ್ದು ಕಂಡಕ್ಟರು ಹೇಳಿದ ಮೇಲೆ ತಿಳಿಯಿತು.

ಬಸ್ಸು ಹತ್ತಿದ ಕೂಡಲೇ ಅವರಿಗೆ ಎಲ್ಲ ಹೇಳಿದ್ದೆ. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ.

"ಅಲ್ಲ ಯವ್ವಾ, ಇದನ್ನ ಮೊದಲs ಹೇಳಬಾರದೇನು? ಊಟಕ್ಕ ಕುಂತ್ರ ಫೋನು, ಪೂಜಿಗೆ ಕುಂತ್ರ ಫೋನು. ನಿಮ್ಮ ಮಾಲಕರು ಹ್ವಾದ್ರು ಹ್ವಾದ್ರು ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗೈತಿ. ಒಬ್ಬಾಂವ ಅಂತೂ, ಹ್ವಾದ್ರ ಹೋಗ್ಲಿ, ಚಟ್ನಿ ಐತೇನು ಅಂತ ಕೇಳಿದ."

"ನೀವೇನಂದ್ರಿ?"

"ಇಲ್ಲ ಅಂದೆ. ನನ್ನ ಕಡೆ ಎಲ್ಲಿಂದು ಚಟ್ನಿ?"

ಕೌಂಟರಿನಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು, ಇಸಕೊಂಡ ದಿನ ಹಿಡಿದ ಹಾಗೆಯೇ. ಮೆಸೇಜು ಬಂತು. ನನ್ನ ಮುಖ ಸರಿಯಾಗಿ ನೋಡಿ, ನಾನೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹುಡುಗಿಗೆ ತೋರಿಸಿದರು.

ನನ್ನ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟೆ, ಒಪ್ಪಲಿಲ್ಲ. ಹಂಚಿನ ಮೇಲೆ ಬೆರಳಿನ ಗೆರೆಗಳು ಯಾವಾಗಲೋ ಸವೆದು ಹೋಗಿವೆ. ಕಡೆಗೆ ಹುಡುಗಿ ಫೋಟೊ ಹಿಡಿದಳು.

"ಆಜಿ, ಕಣ್ಣು ಮಿಟುಕಿಸಿ" ಎಂದು ಮರಾಠಿಯಲ್ಲಿ ಹೇಳಿದಳು. ಮಿಟುಕಿಸದಿದ್ದರೆ ಯಂತ್ರಕ್ಕೆ ಮನುಷ್ಯ ಜೀವಂತ ಇದ್ದಾನೋ ಇಲ್ಲವೋ ತಿಳಿಯುವುದಿಲ್ಲವಂತೆ. ನಾನು ನೋಡುತ್ತ ನಿಂತಿದ್ದೆ. ಅವಳು ಮತ್ತೆ ಹೇಳಿದಳು. ಆಗ ಮಿಟುಕಿಸಿದೆ. ಯಂತ್ರ ಒಪ್ಪಿತು.

ಅಯ್ಯನವರನ್ನು ಹಾಗೇ ಕಳಿಸಲು ಮನಸ್ಸು ಬರಲಿಲ್ಲ. ಫೋನು ಅವರದೇ, ಅದು ದಾನ. ಒಳಗೆ ಸಿಮ್ಮು ಇಲ್ಲದಿದ್ದರೆ ನಾದಿನಿ ಹೇಳಿದ ಬುಡವಿಲ್ಲದ ತಂಬಿಗೆಯೇ ಅದು. ಅವರ ಆಧಾರ್ ಕಾರ್ಡಿನ ಮೇಲೆ ಅವರ ಹೆಸರಿಗೇ ಹೊಸ ಸಿಮ್ಮು ಕೊಡಿಸಿದೆ. ಅವರ ಹೆಬ್ಬೆರಳನ್ನು ಯಂತ್ರ ಒಂದೇ ಸಲಕ್ಕೆ ಒಪ್ಪಿತು.

"ನಮ್ಮ ಬೆರಳು ಬರೇ ವಿಭೂತಿ ಹಚ್ಚೂ ಬೆರಳು" ಎಂದು ಅಯ್ಯನವರು ನಕ್ಕರು. "ಈ ನಂಬರಿಗೆ ಯಾರೂ ಮಾಡಂಗಿಲ್ಲಲ್ಲ?"

"ಯಾರಿಗೂ ಗೊತ್ತಿಲ್ರಿ ಅದು."

"ಛಲೋ ಆತು."

ಅದೇ ಹಳೆಯ ನಂಬರಿನ ನನ್ನ ಹೊಸ ಸಿಮ್ಮನ್ನು ಸೊಸೆಯ ಒಂದು ಹಳೆಯ ಫೋನಿಗೆ ಹಾಕಿದರು. ಸಂಜೆ ಹೊತ್ತಿಗೆ ಚಾಲೂ ಆಯಿತು. ಮನೆಯಲ್ಲಿ ಎಲ್ಲರೂ ಅದನ್ನು ನಡುವೆ ಇಟ್ಟುಕೊಂಡು ಕೂತೆವು. ಬಡಕೊಳ್ಳಲಿಲ್ಲ. ಯಾಕೆ ಬಡಕೊಳ್ಳುತ್ತದೆ? ಹಚ್ಚುವವರಿಗೆಲ್ಲ ಅಯ್ಯನವರು ಹೇಳಿಯಾಗಿತ್ತು. ಅವತ್ತೇ ನಾದಿನಿಯೂ ಸುದ್ದಿ ಕೇಳಿ ಸೊಸೆಯ ಫೋನಿಗೆ ಮಾಡಿದಳು. ನಂಬರು ಸರ್ಕಾರದ್ದು, ನಿಮ್ಮಣ್ಣನದಾಗಿರಲಿಲ್ಲ ಎಂದು ಹೇಳಿದೆ.  "ಹಂಗಾರ ಅವನ ಕಡೆ ಈಗ ಬರೇ ಫೋನ್ ಐತಿ" ಅಂದಳು. ಹೌದು ಅಂದೆ.

ಮರುದಿನ ಬೆಳಗ್ಗೆ ಒಲೆ ಹಚ್ಚುವ ಮೊದಲು ಸುಣ್ಣದ ಡಬ್ಬಿ, ಕುಂಚ ತೆಗೆದುಕೊಂಡು ಬಸ್ ನಿಲ್ಲುವ ಕಡೆ ಹೋದೆ. ಫೋನನ್ನು ಎಲೆಅಡಿಕೆಯ ಚಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿದ್ದೆ. ಗೋಡೆಯ ಮೇಲೆ ಯಜಮಾನರ ಹೆಸರು ಇತ್ತು, ಕೆಳಗೆ ನಂಬರು. ಹೆಸರಿನ ಮೇಲೆ ಸುಣ್ಣ ಬಳಿಯಲು ಹತ್ತಿದೆ. ಎದುರಿನ ಚಹಾದ ಹೋಟೆಲಿನವನು ಒದ್ದೆ ಕೈಯಲ್ಲೇ ಹೊರಗೆ ಬಂದ.

"ಆಯೀ, ಏನ್ ಮಾಡಾಕತ್ತೀರಿ? ಮಾಲಕರ ಹೆಸರರೀ ಅದು. ವರ್ಷರೆ ತುಂಬಲಿ."

"ಆ ಹೆಸರಿನಾಂವ ಸತ್ತಾನಂತ ಊರೆಲ್ಲಾ ಗೊತ್ತಾಗೈತಿ. ಹೆಸರು ನೋಡಿದಾಂವ ಫೋನ್ ಹಚ್ಚಂಗಿಲ್ಲ. ನಂಬರ್ ನೋಡಿ ಹಚ್ಚಲಿ."

"ಮತ್ತ ನಿಮ್ಮ ಹೆಸರು ಬರಸ್ತೀರೇನು?"

"ರೊಟ್ಟಿ ಅಂತ ಬರಸ್ತೀನಿ. ಸಾಕು."

ಅವನು ಕೈ ಒರೆಸಿಕೊಳ್ಳುತ್ತ ಒಳಗೆ ಹೋದ. ಒಂದು ಕೈ ಬಳಿದರೆ ಅಕ್ಷರ ಹೋಗಲಿಲ್ಲ, ಸುಣ್ಣದ ಕೆಳಗಿನಿಂದ ಕಾಣುತ್ತಿತ್ತು. ಇನ್ನೊಂದು ಕೈ ಬಳಿದೆ. ಹಿಂದೆ ಅಕ್ಕಲಕೋಟದ ಬಸ್ಸು ಬಂದು ನಿಂತು ಹೋಯಿತು. ಕಡೆಯ ಅಕ್ಷರ ಮುಚ್ಚುವಾಗ ಸೊಂಟದಲ್ಲಿ ಫೋನು ಬಡಕೊಂಡಿತು. ಕೈ ತುಂಬ ಸುಣ್ಣ ಇತ್ತು. ಸೀರೆಗೆ ಒರೆಸಿಕೊಳ್ಳುವಷ್ಟು ತಡ ಮಾಡಲಿಲ್ಲ, ಹಾಗೇ ಎತ್ತಿದೆ.

ಸೋಲಾಪುರದ ಒಂದು ಖಾನಾವಳಿಯವನು. ಮಾಲಕರು ಹೋದರಂತೆ, ಹೌದೇ ಎಂದು ಕೇಳಿದ.

"ಹೌದು" ಅಂದೆ. "ರೊಟ್ಟಿ ಎಷ್ಟು ಬೇಕು?"